ನೆಟ್‌ವರ್ಕ್ ಪ್ರೊಸೆಸರ್ ನಂಬ್ಕೊಂಡು ಇನ್ನೂ ಕೂತಿರ್ಬೋದಾ?

ಪ್ರಶ್ನೆ: ಸರ್ ನಮಸ್ಕಾರ. ನಾನು ಸಾಗರದ ಕಡೆಯವನು, ವಯಸ್ಸು 33, ಬೆಂಗಳೂರಲ್ಲಿ ಒಂದು ರೂಟರ್ ಕಂಪನೀಲಿ ಒಂಬತ್ತು ವರ್ಷದಿಂದ ಇದೀನಿ. ಕಂಪನಿ ಸ್ವಂತಕ್ಕೆ ಮಾಡ್ಕೊಂಡಿರೋ ನೆಟ್‌ವರ್ಕ್ ಪ್ರೊಸೆಸರ್ ಮೇಲೆ ಡೇಟಾಪಾತ್ ಮೈಕ್ರೋಕೋಡ್, ಅಂದ್ರೆ ಚಿಪ್ ಒಳಗೆ ಪ್ಯಾಕೆಟ್ ಹಾದುಹೋಗೋ ದಾರಿಯ ಕೋಡ್ ಬರಿಯೋದು ನನ್ನ ಕೆಲಸ. ಈ ವರ್ಷ ರೀಆರ್ಗ್ ಆಗಿ ಟೀಮ್ ಅರ್ಧಕ್ಕೆ ಇಳೀತು. ಮ್ಯಾನೇಜರ್ ಸೋನಿಕ್ (ಸ್ವಿಚ್‌ಗಳ ಮೇಲೆ ಓಡೋ ಓಪನ್ ಸೋರ್ಸ್ ಆಪರೇಟಿಂಗ್ ಸಿಸ್ಟಮ್) ಟೀಮಿಗೆ ಹೋಗು ಅಂತಿದಾರೆ. ಒಂದು ಡಿಪಿಯು (ಸರ್ವರ್‌ನ ನೆಟ್‌ವರ್ಕ್ ಹೊರೆ ಹೊರೋ ಚಿಪ್) ಸ್ಟಾರ್ಟಪ್‌ನವರು ಸಂಬಳ ಸ್ವಲ್ಪ ಜಾಸ್ತಿ, ಜೊತೆಗೆ ಇಸಾಪ್ (ಕಂಪನಿ ಶೇರ್) ಕೊಡ್ತೀವಿ ಅಂತ ಕರೀತಿದಾರೆ. ಫ್ರೆಂಡ್ಸ್ ಎಲ್ಲ "ನೆಟ್‌ವರ್ಕಿಂಗ್ ಸತ್ತೋಯ್ತು, ಎಐ ಕಡೆ ಹೋಗು" ಅಂತಾರೆ, ಆದ್ರೆ ನಾನು ಓದಿದ ಒಂದು ಮಾರ್ಕೆಟ್ ರಿಪೋರ್ಟ್‌ನಲ್ಲಿ ನೆಟ್‌ವರ್ಕ್ ಪ್ರೊಸೆಸರ್ ಮಾರ್ಕೆಟ್ ಕೆಲವೇ ವರ್ಷದಲ್ಲಿ ಡಬಲ್ ಆಗತ್ತೆ ಅಂತ ಇತ್ತು. ಯಾವ್ದು ನಂಬೋದು? ಮನೆ ಲೋನ್ ಇದೆ, ರಿಸ್ಕ್ ತಗೊಳೋಕೆ ಭಯ. ಇನ್ನೊಂದು, ನಮ್ಮ ಭಾವ ಈ ಚಿಪ್ ಕಂಪನಿಗಳ ಶೇರ್ ತಗೋಬೇಕು ಅಂತಿದಾರೆ, ತಮ್ಮ ಇಸಿಇ 6ನೇ ಸೆಮ್‌ನಲ್ಲಿದಾನೆ, ಅವನಿಗೂ ಈ ಲೈನ್ ಸರಿಹೋಗತ್ತಾ ಹೇಳಿ.

ಉತ್ತರ: ನೀವು ಕೇಳಿರೋದು ನಾಲ್ಕೈದು ಪ್ರಶ್ನೆ, ಆದ್ರೆ ಒಳಗಿರೋ ಭಯ ಒಂದೇ. ಒಂಬತ್ತು ವರ್ಷ ಕಲ್ತಿದ್ದು ಯಾರಿಗೂ ಬೇಡವಾಗಿ ಹೋಗ್ತಿದ್ಯಾ ಅನ್ನೋದು. ಅದಕ್ಕೆ ಮೊದ್ಲೇ ಉತ್ತರ ಹೇಳ್ಬಿಡ್ತೀನಿ. ನೆಟ್‌ವರ್ಕ್ ಪ್ರೊಸೆಸರ್ ಅಂತ ಹೆಸರಿಟ್ಟು ಓಪನ್ ಮಾರ್ಕೆಟ್‌ನಲ್ಲಿ ಮಾರ್ತಿದ್ದ ಚಿಪ್ಪಿನ ವ್ಯಾಪಾರ ಇವತ್ತು ನಿನ್ನೆ ಅಲ್ಲ, ಯಾವತ್ತೋ ಹೆಚ್ಚುಕಮ್ಮಿ ಮುಗ್ದಿದೆ. ಆ ಚಿಪ್ ಮಾಡ್ತಿದ್ದ ಕೆಲ್ಸ ಇದ್ಯಲ್ಲ, ಬರೋ ಪ್ಯಾಕೆಟ್‌ನ ಹೆಡರ್ ಬಿಡಿಸಿ ನೋಡಿ, ಎಲ್ಲಿಗೆ ಹೋಗ್ಬೇಕು ಅಂತ ಹುಡುಕಿ, ಬೇಕಾದಂಗೆ ತಿದ್ದಿ, ಕ್ಯೂನಲ್ಲಿ ನಿಲ್ಸಿ ಕಳ್ಸೋದು, ಅದು ಮಾತ್ರ ಜಾಸ್ತಿನೇ ಆಗಿದೆ. ಬೇರೆ ಬೇರೆ ಚಿಪ್‌ಗಳ ಒಳಗೆ ಹೋಗಿ ಸೇರ್ಕೊಂಡಿದೆ ಅಷ್ಟೇ, ಅದಕ್ಕೆ ದುಡ್ಡು ಕೊಡೋರೂ ಬದಲಾಗಿದಾರೆ. ನಿಮ್ಮ ಮುಂದಿರೋ ಒಂದೊಂದು ಆಫರ್‌ನೂ "ಈ ಚಿಪ್ ಕೊಳ್ಳೋರು ಯಾರು, ಅವರಿಗೆ ಬೇರೆ ದಾರಿ ಇದ್ಯಾ" ಅನ್ನೋ ಪ್ರಶ್ನೆ ಇಟ್ಕೊಂಡು ತೂಗಿ ನೋಡಿ, ನಿಮ್ಮ ಗೊಂದಲ ಅರ್ಧ ಕಮ್ಮಿ ಆಗತ್ತೆ.

ಮೊದ್ಲು ಆ ರಿಪೋರ್ಟ್ ವಿಷಯ. ಇಂಥ ರಿಪೋರ್ಟ್‌ಗಳು ನನ್ನ ಮೇಲ್ ಬಾಕ್ಸ್‌ಗೂ ಬರ್ತಾನೇ ಇರ್ತವೆ, ಎರಡು ರಿಪೋರ್ಟ್ ಪಕ್ಕಪಕ್ಕ ಇಟ್ಟು ನೋಡಿದ್ರೆ ಒಂದರ ಸಂಖ್ಯೆ ಇನ್ನೊಂದಕ್ಕೆ ತಾಳೆ ಆಗಲ್ಲ. ಅದಕ್ಕೆ ಕಾರಣ ಇದೆ. ಸಿಸ್ಕೋ ತನ್ನ ರೂಟರ್ ಒಳಗೆ ತನ್ನದೇ ಸಿಲಿಕಾನ್ ಒನ್ ಹಾಕತ್ತೆ, ಜುನಿಪರ್ ಟ್ರಯೋ ಹಾಕತ್ತೆ, ನೋಕಿಯಾ ಎಫ್‌ಪಿ5 ಹಾಕತ್ತೆ, ಅಮೆಜಾನ್ ತನ್ನ ಸರ್ವರ್‌ಗೆ ನೈಟ್ರೋ ಹಾಕತ್ತೆ. ಇವ್ರು ತಮಗೆ ತಾವೇ ಬಿಲ್ ಮಾಡ್ಕೊಳಲ್ವಲ್ಲ, ಸಿಲಿಕಾನ್ ಒನ್ ಸ್ವಲ್ಪ ಹೊರಗಡೆಗೂ ಮಾರ್ತಾರೆ ಅನ್ನೋದು ಬಿಟ್ರೆ ಆ ಚಿಪ್‌ಗಳಿಗೆ ಮಾರ್ಕೆಟ್ ರೇಟ್ ಅನ್ನೋದೇ ಇಲ್ಲ. ರಿಪೋರ್ಟ್ ಬರಿಯೋನು ಅದನ್ನ ಅಂದಾಜಲ್ಲಿ ಸೇರಿಸ್ತಾನೆ ಇಲ್ಲಾಂದ್ರೆ ಪೂರ್ತಿ ಬಿಡ್ತಾನೆ. ಇನ್ನು ಡಿಪಿಯುನ ಇದರಲ್ಲಿ ಸೇರಿಸ್ಬೇಕಾ, ಸ್ವಿಚ್ ಚಿಪ್ ಸೇರಿಸ್ಬೇಕಾ, ಮನೆ ವೈಫೈ ರೂಟರ್ ಒಳಗಿರೋ ಚಿಪ್ ಸೇರಿಸ್ಬೇಕಾ, ಇದಕ್ಕೆಲ್ಲ ಒಬ್ಬೊಬ್ಬರದು ಒಂದೊಂದು ಲೆಕ್ಕ. ಸಾಲದು ಅಂತ, ನೆಟ್‌ವರ್ಕ್ ಪ್ರೊಸೆಸರ್‌ಗೆ ಚಿಕ್ಕದಾಗಿ ಎನ್‌ಪಿಯು ಅಂತಿದ್ವಿ, ಈಗ ಎನ್‌ಪಿಯು ಅಂದ್ರೆ ಲ್ಯಾಪ್‌ಟಾಪ್, ಫೋನ್‌ನಲ್ಲಿ ಎಐ ಓಡ್ಸೋ ನ್ಯೂರಲ್ ಪ್ರೊಸೆಸರ್ ಅನ್ನೋದೇ ವಾಡಿಕೆ ಆಗಿದೆ, ಜಾಬ್ ಪೋರ್ಟಲ್‌ನಲ್ಲಿ ಎನ್‌ಪಿಯು ಅಂತ ಹುಡುಕಿದ್ರೆ ಬರೋದೆಲ್ಲ ಅದೇ. (ರೆಸ್ಯೂಮೆಯಲ್ಲಿ ಬರೀ ಎನ್‌ಪಿಯು ಅಂತ ಬರ್ದಿದ್ರೆ ಇವತ್ತೇ ತೆಗ್ದು ಪ್ಯಾಕೆಟ್ ಪ್ರೊಸೆಸಿಂಗ್ ಡೇಟಾಪಾತ್ ಅಂತ ಹಾಕಿ, ಸುಮ್ನೆ ತಪ್ಪು ಕಾಲ್ ಬರೋದು ತಪ್ಪತ್ತೆ.) ಒಟ್ನಲ್ಲಿ ಡಬಲ್ ಆಗತ್ತೆ ಅನ್ನೋ ಆ ಸಂಖ್ಯೆ ನೋಡ್ಕೊಂಡು ಕೆಲಸದ ತೀರ್ಮಾನ ತಗೋಬೇಡಿ.

ಇನ್ನು "ಸತ್ತೋಯ್ತು" ಅನ್ನೋ ನಿಮ್ಮ ಫ್ರೆಂಡ್ಸ್ ಮಾತು. ಅದರಲ್ಲೂ ಸ್ವಲ್ಪ ನಿಜ ಇದೆ, ಏನು ಅಂತ ತಿಳ್ಕೊಳೋಕೆ ಹಿಂದಕ್ಕೆ ಹೋಗ್ಬೇಕು.

1999ರಲ್ಲಿ ಇಂಟೆಲ್ ಐಎಕ್ಸ್‌ಪಿ1200 ಅನ್ನೋ ನೆಟ್‌ವರ್ಕ್ ಪ್ರೊಸೆಸರ್ ತಂತು. ಅದೇ ಆಸುಪಾಸಲ್ಲಿ ಐಬಿಎಂನ ಪವರ್‌ಎನ್‌ಪಿ, 2000ದಲ್ಲಿ ಮೊಟೊರೊಲಾ ಕೊಂಡ್ಕೊಂಡ ಸಿ-ಪೋರ್ಟ್, ಅಜೀರ್, ಎಎಂಸಿಸಿ, ವಿಟೆಸ್, ಇಸ್ರೇಲ್‌ನ ಈಝಿಚಿಪ್, ಸ್ವೀಡನ್‌ನ ಝೆಲರೇಟೆಡ್, ಒಂದಾ ಎರಡಾ. ಆಗಿನ ವಾದ ಕೇಳೋಕೆ ಚೆನ್ನಾಗಿತ್ತು. ಏಸಿಕ್ (ಒಂದೇ ಕೆಲಸಕ್ಕೆ ಅಂತ ಮಾಡೋ ಚಿಪ್) ಮಾಡೋಕೆ ಎರಡ್ಮೂರು ವರ್ಷ ಬೇಕು, ಅಷ್ಟರಲ್ಲಿ ಹೊಸ ಪ್ರೊಟೋಕಾಲ್ ಬಂದಿರತ್ತೆ, ಅದಕ್ಕೇ ಪ್ರೋಗ್ರಾಮ್ ಮಾಡೋಕಾಗೋ ಚಿಪ್ ತಗೊಳ್ಳಿ, ಸಾಫ್ಟ್‌ವೇರ್ ಬದಲಾಯಿಸಿದ್ರೆ ಸಾಕು ಅಂತ. ಅಷ್ಟರಲ್ಲಿ 2001ರ ಟೆಲಿಕಾಂ ಕುಸಿತ ಬಂತು, ಕೊಳ್ಳೋರೇ ಇಲ್ದಂಗಾಯ್ತು. ಐಬಿಎಂ ತನ್ನ ಲೈನ್‌ನ ಹೈಫನ್ ಅನ್ನೋ ಕಂಪನಿಗೆ ಮಾರಿ ಕೈತೊಳ್ಕೊಳ್ತು, ಇಂಟೆಲ್ 2007ರಲ್ಲಿ ಐಎಕ್ಸ್‌ಪಿ28 ಸರಣಿಯನ್ನ ನೆಟ್ರೋನೋಮ್‌ಗೆ ಬಿಟ್ಕೊಡ್ತು.

ಬರೀ ಕುಸಿತ ಕಾರಣ ಆಗಿದ್ರೆ ಆಮೇಲೆ ಚೇತರಿಸ್ಕೋಬೇಕಿತ್ತಲ್ವಾ, ಚೇತರಿಸ್ಕೊಳ್ಳಲಿಲ್ಲ. ಯಾಕೆ ಅನ್ನೋದಕ್ಕೆ ಒಂದು ಸಣ್ಣ ಲೆಕ್ಕ ಮಾಡೋಣ, ನಿಮಗೆ ಗೊತ್ತಿರೋದೇ ಆದ್ರೂ ನಿಮ್ಮ ತಮ್ಮನಿಗೂ ಓದಿಸಿ. ಈಥರ್ನೆಟ್‌ನಲ್ಲಿ ಅತಿ ಚಿಕ್ಕ ಫ್ರೇಮ್ 64 ಬೈಟ್, ಪ್ರಿಯಾಂಬಲ್ ಮತ್ತೆ ಮಧ್ಯದ ಗ್ಯಾಪ್ ಸೇರಿದ್ರೆ 84 ಬೈಟ್. 10 ಗಿಗಾಬಿಟ್ ಲಿಂಕಲ್ಲಿ ಇದು ಸೆಕೆಂಡಿಗೆ 1.488 ಕೋಟಿ ಪ್ಯಾಕೆಟ್, ಅಂದ್ರೆ ಒಂದೊಂದಕ್ಕೆ 67 ನ್ಯಾನೊಸೆಕೆಂಡ್. 100 ಗಿಗಾಬಿಟ್‌ಗೆ ಹೋದ್ರೆ ಬರೀ 6.7 ನ್ಯಾನೊಸೆಕೆಂಡ್. 3 ಗಿಗಾಹರ್ಟ್ಸ್ ಸಿಪಿಯು ಕೋರ್ ಒಂದರಲ್ಲಿ ಅಷ್ಟು ಹೊತ್ತಿಗೆ 20 ಸೈಕಲ್ ಸಿಗತ್ತೆ. ಡಿರ್ಯಾಮ್‌ಗೆ (ಚಿಪ್ ಹೊರಗಿರೋ ಮುಖ್ಯ ಮೆಮೊರಿ) ಒಂದ್ಸಲ ಹೋಗಿ ಬರೋಕೇ ಸುಮಾರು 80ರಿಂದ 100 ನ್ಯಾನೊಸೆಕೆಂಡ್ ಬೇಕು. ಒಂದು ಟೇಬಲ್ ಲುಕಪ್ ಮುಗಿಯೋ ಅಷ್ಟರಲ್ಲಿ ಹಿಂದೆ ಹತ್ತು ಹದಿನೈದು ಪ್ಯಾಕೆಟ್ ಬಂದು ನಿಂತಿರ್ತವೆ.

ನೆಟ್‌ವರ್ಕ್ ಪ್ರೊಸೆಸರ್ ಇದಕ್ಕೆ ಹುಡುಕಿದ ಉಪಾಯ, ದರ್ಶಿನಿ ಹೋಟ್ಲಲ್ಲಿ ಕಾವಲಿ ಮುಂದೆ ನಿಂತ ಭಟ್ಟರು ಒಂದು ದೋಸೆ ಬೇಯೋವರೆಗೂ ಕಾಯದೆ ಸಾಲಾಗಿ ಹತ್ತು ಹುಯ್ದು ಯಾವುದು ಬೆಂತೋ ಅದನ್ನ ಎತ್ತೋ ಥರದ್ದು. ಐಎಕ್ಸ್‌ಪಿ2800ನಲ್ಲಿ 16 ಮೈಕ್ರೋಎಂಜಿನ್, ಒಂದೊಂದರಲ್ಲಿ 8 ಥ್ರೆಡ್, ಒಟ್ಟು 128. ಒಂದು ಥ್ರೆಡ್ ಮೆಮೊರಿಗೆ ಕಾಯ್ತಿದ್ರೆ ಇನ್ನೊಂದು ಓಡತ್ತೆ. ಸಿಸ್ಕೋ 2008ರಲ್ಲಿ ತಂದ ಕ್ವಾಂಟಮ್‌ಫ್ಲೋ ಕೂಡ ಇದೇ ಜಾತಿ, 40 ಕೋರ್, 160 ಥ್ರೆಡ್. ಕಾಗದದ ಮೇಲೆ ಬಹಳ ಸೊಗಸು. ಬರಿಯೋಕೆ ಕೂತ್ರೆ ಮಾತ್ರ ನರಕ, ಒಂದೊಂದು ಎಂಜಿನ್‌ಗೆ ಕೋಡ್ ಇಡೋಕೆ ಇರೋದು ಕೆಲವೇ ಸಾವಿರ ಇನ್‌ಸ್ಟ್ರಕ್ಷನ್ ಜಾಗ, ಒಂದು ಹೊಸ ಫೀಚರ್ ಸೇರಿಸ್ಬೇಕಂದ್ರೆ ಹಳೇದು ಯಾವುದನ್ನೋ ಹಿಂಡಿ ಜಾಗ ಮಾಡ್ಬೇಕು, ಪ್ಯಾಕೆಟ್ ಆರ್ಡರ್ ತಪ್ಪಿದ್ರೆ ಯಾವ ಥ್ರೆಡ್ ತಪ್ಪಿಸ್ತು ಅಂತ ಹುಡುಕೋದ್ರಲ್ಲಿ ವಾರ ಕಳ್ದು ಹೋಗತ್ತೆ. ಆಗ ಬೆಂಗಳೂರಿನ ಸರ್ವೀಸ್ ಕಂಪನಿಗಳಲ್ಲಿ ಈ ಮೈಕ್ರೋಕೋಡ್ ಟೀಮ್‌ಗಳು ಇದ್ವು, ಅಲ್ಲಿ ಪಳಗಿದ ಒಳ್ಳೊಳ್ಳೆ ಎಂಜಿನಿಯರ್‌ಗಳು ಈಗ ನೀವು ಹೇಳೋ ಡಿಪಿಯು ಟೀಮ್‌ಗಳಲ್ಲೇ ಇದಾರೆ. ಒಂದು ಕಂಪನಿ ಚಿಪ್‌ಗೆ ಬರ್ದಿದ್ದು ಇನ್ನೊಂದರ ಮೇಲೆ ಓಡ್ತಿರ್ಲಿಲ್ಲ. ಸಾಫ್ಟ್‌ವೇರ್ ಬದಲಾಯಿಸಿದ್ರೆ ಸಾಕು ಅಂತ ತಗೊಂಡವರಿಗೆ ಸಾಫ್ಟ್‌ವೇರೇ ದೊಡ್ಡ ಖರ್ಚಾಯ್ತು.

ಅಷ್ಟರಲ್ಲಿ ಎರಡೂ ಕಡೆಯಿಂದ ತಿಂದ್ಕೊಂಡು ಬಂದ್ರು. ಕೆಳಗಡೆ ಕೇವಿಯಂನ ಆಕ್ಟಿಯಾನ್, ಆರ್‌ಎಂಐ ಥರದ ಮಾಮೂಲಿ ಸಿ ಕೋಡ್ ಓಡ್ಸೋ ಮಲ್ಟಿಕೋರ್ ಚಿಪ್ ಬಂದ್ವು, ಆಮೇಲೆ ಇಂಟೆಲ್‌ನ ಡಿಪಿಡಿಕೆ ಅನ್ನೋ ಸಾಫ್ಟ್‌ವೇರ್ ಲೈಬ್ರರಿ ಬಂದು ಸಾಧಾರಣ ಎಕ್ಸ್86 ಸರ್ವರ್‌ನಲ್ಲೇ ಪೋಲಿಂಗ್ ಮಾಡಿ (ಪ್ಯಾಕೆಟ್ ಬಂತಾ ಅಂತ ಬಿಡದೆ ನೋಡ್ತಾ ಇದ್ದು) ಪ್ಯಾಕೆಟ್‌ಗಳನ್ನ ಗೊಂಚಲು ಗೊಂಚಲಾಗಿ ಎತ್ಕೊಂಡು 10 ಗಿಗಾಬಿಟ್ ಲಿಂಕ್ ತುಂಬಿಸೋದು ತೋರಿಸ್ತು. 67 ನ್ಯಾನೊಸೆಕೆಂಡ್ ಅಂದ್ರೆ 200 ಸೈಕಲ್, ಸಾಕಷ್ಟಾಗತ್ತೆ. ಫೈರ್‌ವಾಲ್, ಚಿಕ್ಕ ರೂಟರ್ ಮಾಡೋರಿಗೆ ಮತ್ತೆ ಮೈಕ್ರೋಕೋಡ್ ಯಾಕೆ ಬೇಕು? ಮೇಲುಗಡೆ ಬ್ರಾಡ್‌ಕಾಮ್ 2009ರಲ್ಲಿ ಡ್ಯೂನ್ ನೆಟ್‌ವರ್ಕ್ಸ್ ಕೊಂಡು ಜೆರಿಕೊ ಸರಣಿ ಬೆಳೆಸ್ತು, ಪೂರ್ತಿ ಪ್ರೋಗ್ರಾಮೆಬಲ್ ಅಲ್ದಿದ್ರೂ ಬೇಕಾದಷ್ಟು ಬಾಗೋ ಪೈಪ್‌ಲೈನ್, ಬೆಲೆ ಕಮ್ಮಿ, ಕರೆಂಟ್ ಕಮ್ಮಿ. ದೊಡ್ಡ ಗಿರಾಕಿಗಳು, ಅಂದ್ರೆ ಸಿಸ್ಕೋ, ಜುನಿಪರ್, ಆಗಿನ ಅಲ್ಕಾಟೆಲ್, ತಮ್ಮ ಚಿಪ್ ತಾವೇ ಮಾಡ್ಕೊಳೋಕೆ ಶುರು ಮಾಡಿದ್ರು. ಮಧ್ಯದಲ್ಲಿ ಉಳಿದವ್ರು ಒಬ್ಬರನ್ನ ಒಬ್ಬರು ನುಂಗಿದ್ರು. ಝೆಲರೇಟೆಡ್ ಮಾರ್ವೆಲ್‌ಗೆ, ನೆಟ್‌ಲಾಜಿಕ್ ಬ್ರಾಡ್‌ಕಾಮ್‌ಗೆ, ಕೇವಿಯಂ 2018ರಲ್ಲಿ ಮಾರ್ವೆಲ್‌ಗೆ. ಈಝಿಚಿಪ್ 2016ರಲ್ಲಿ ಮೆಲ್ಲನಾಕ್ಸ್‌ಗೆ ಹೋಯ್ತು, ಮೆಲ್ಲನಾಕ್ಸ್ 2020ರಲ್ಲಿ ಎನ್‌ವಿಡಿಯಾಗೆ. ಹಂಗಾಗಿ ಸ್ವತಂತ್ರ ನೆಟ್‌ವರ್ಕ್ ಪ್ರೊಸೆಸರ್ ಕಂಪನಿಗಳಲ್ಲಿ ಕೊನೇ ದೊಡ್ಡ ಹೆಸರು ಅಂತ ಏನಿತ್ತೋ ಅದರ ಜನ, ಡಿಸೈನ್ ಹಕ್ಕು ಎಲ್ಲ ಇವತ್ತು ಎನ್‌ವಿಡಿಯಾ ಅಡಿಯಲ್ಲಿದೆ. ನಿಮ್ಮ ಫ್ರೆಂಡ್ಸ್ "ಎಐ ಕಡೆ ಹೋಗು" ಅಂತಾರಲ್ಲ, ನಿಮ್ಮ ಲೈನೇ ಆಗ್ಲೇ ಅಲ್ಲಿಗೆ ಹೋಗಿದೆ.

ಈಗ ಕೆಲ್ಸ ಎಲ್ಲಿದೆ ಅಂತ ನೋಡೋಣ, ಯಾಕಂದ್ರೆ ಮುಂದಿನ ನಾಲ್ಕೈದು ವರ್ಷದ ಲೆಕ್ಕಾಚಾರ ಪೂರ್ತಿ ಇದರ ಮೇಲಿದೆ.

ಅತಿ ಜೋರಾಗಿರೋದು ಎಐ ಡೇಟಾಸೆಂಟರ್ ಒಳಗಿನ ಸ್ವಿಚ್ ಮತ್ತೆ ನಿಕ್ (ಸರ್ವರ್‌ನ ನೆಟ್‌ವರ್ಕ್ ಕಾರ್ಡ್). ಸಾವಿರಾರು ಜಿಪಿಯು ಒಟ್ಟಿಗೆ ಒಂದು ಮಾಡೆಲ್ ಟ್ರೈನ್ ಮಾಡ್ಬೇಕಾದ್ರೆ ಒಂದೇ ಒಂದು ಲಿಂಕಲ್ಲಿ ಟ್ರಾಫಿಕ್ ಜಾಮ್ ಆದ್ರೂ ಉಳಿದವೆಲ್ಲ ಸುಮ್ನೆ ಕಾಯ್ತಾ ಕೂರ್ತವೆ, ಜಿಪಿಯು ಬೆಲೆ ನೋಡಿದ್ರೆ ಆ ಕಾಯೋದೇ ಭಾರಿ ನಷ್ಟ, ಅದಕ್ಕೇ ನೆಟ್‌ವರ್ಕ್‌ಗೆ ದುಡ್ಡು ಸುರೀತಿದಾರೆ. ಬ್ರಾಡ್‌ಕಾಮ್‌ನ ಟೊಮಾಹಾಕ್ ಸ್ವಿಚ್ ಚಿಪ್ 2014ರಲ್ಲಿ ಸೆಕೆಂಡಿಗೆ 3.2 ಟೆರಾಬಿಟ್ ಇತ್ತು, 2022ಕ್ಕೆ 51.2, 2025ರಲ್ಲಿ ಟೊಮಾಹಾಕ್ 6 ಬಂದು 102.4 ಆಯ್ತು. ಎನ್‌ವಿಡಿಯಾದ ನೆಟ್‌ವರ್ಕಿಂಗ್ ವ್ಯಾಪಾರ ಒಂದೇ 2025ರ ಜನವರಿಗೆ ಮುಗಿದ ವರ್ಷದಲ್ಲಿ ಸುಮಾರು 13 ಬಿಲಿಯನ್ ಡಾಲರ್, ಅದೇ ವರ್ಷದ ಅಕ್ಟೋಬರ್‌ಗೆ ಮುಗಿದ ಒಂದೇ ಕ್ವಾರ್ಟರ್‌ಗೆ 8 ಬಿಲಿಯನ್ ದಾಟ್ತು. ಕೇಬಲ್, ಸ್ವಿಚ್ ಬಾಕ್ಸ್, ಜಿಪಿಯುಗಳನ್ನ ಒಂದಕ್ಕೊಂದು ಜೋಡಿಸೋ ಎನ್‌ವಿಲಿಂಕ್ ಎಲ್ಲ ಅದರಲ್ಲಿ ಸೇರಿದೆ, ಪೂರ್ತಿ ನಿಮ್ಮ ಥರದ ಕೆಲಸ ಅಲ್ಲ, ಆದ್ರೂ ದಿಕ್ಕು ಯಾವ್ದು ಅಂತ ಗೊತ್ತಾಗತ್ತಲ್ಲ. ಸತ್ತೋಗಿರೋ ಫೀಲ್ಡಿಗೆ ಯಾರೂ ಇಷ್ಟು ದುಡ್ಡು ಹಾಕಲ್ಲ.

ಎರಡನೇದು ಡಿಪಿಯು. ಸರ್ವರ್ ಸಿಪಿಯು ಮೇಲಿರೋ ವರ್ಚುವಲ್ ಸ್ವಿಚ್, ಎನ್‌ಕ್ರಿಪ್ಷನ್, ಸ್ಟೋರೇಜ್ ಹೊರೆನ ಇಳಿಸ್ಕೊಳೋ ಕಾರ್ಡು. ಎನ್‌ವಿಡಿಯಾದ ಬ್ಲೂಫೀಲ್ಡ್, ಎಎಂಡಿ 2022ರಲ್ಲಿ 1.9 ಬಿಲಿಯನ್ ಡಾಲರ್‌ಗೆ ಕೊಂಡ ಪೆನ್ಸಾಂಡೋ, ಇಂಟೆಲ್ ಗೂಗಲ್ ಜೊತೆ ಸೇರಿ ಮಾಡಿದ ಐಪಿಯು, ಮಾರ್ವೆಲ್‌ನ ಆಕ್ಟಿಯಾನ್. ಇಲ್ಲಿ ನೀವು ಸ್ವಲ್ಪ ಗಮನ ಇಟ್ಟು ಓದ್ಬೇಕು, ನಿಮ್ಮ ಸ್ಟಾರ್ಟಪ್ ಆಫರ್‌ಗೆ ಇದೇ ಸಂಬಂಧ. ಡಿಪಿಯು ನಿಜವಾಗಿ ದೊಡ್ಡ ಪ್ರಮಾಣದಲ್ಲಿ ಬೇಕಾಗಿರೋದು ಕ್ಲೌಡ್ ಕಂಪನಿಗಳಿಗೆ. ಅಮೆಜಾನ್ 2015ರಲ್ಲೇ ಅನ್ನಪೂರ್ಣ ಲ್ಯಾಬ್ಸ್ ಕೊಂಡು ಸ್ವಂತ ಚಿಪ್ ಮಾಡ್ಕೊಳ್ತು. ಜುನಿಪರ್ ಹುಟ್ಟುಹಾಕಿದ ಪ್ರದೀಪ್ ಸಿಂಧು ಅವರು ಕಟ್ಟಿದ ಫಂಜಿಬಲ್, ಡಿಪಿಯು ಅನ್ನೋ ಕಲ್ಪನೆಯನ್ನ ಜೋರಾಗಿ ಮುಂದಿಟ್ಟ ಕಂಪನಿನೇ ಅದು, ಸ್ವಂತ ಕಾಲ ಮೇಲೆ ನಿಲ್ಲೋಕಾಗದೆ 2023ರ ಜನವರಿಯಲ್ಲಿ ಮೈಕ್ರೋಸಾಫ್ಟ್ ಪಾಲಾಯ್ತು, ಹೂಡಿಕೆದಾರರು ಹಾಕಿದ್ದಕ್ಕಿಂತ ಕಮ್ಮಿ ಬೆಲೆಗೆ ಅಂತ ಆಗ ವರದಿ ಆಗಿತ್ತು. ಮೈಕ್ರೋಸಾಫ್ಟ್ 2024ರ ನವೆಂಬರ್‌ನಲ್ಲಿ ತನ್ನದೇ ಡಿಪಿಯು ಘೋಷಿಸ್ತು. ಅಂದ್ರೆ ಚಿಪ್ ಗೆಲ್ತು, ಚಿಪ್ ಮಾರೋ ಸ್ಟಾರ್ಟಪ್ ಗೆಲ್ಲಲಿಲ್ಲ. ಕೊಳ್ಳೋರು ನಾಲ್ಕೇ ಜನ ಇದ್ದು ಆ ನಾಲ್ವರಿಗೂ ತಾವೇ ಮಾಡ್ಕೊಳೋ ಶಕ್ತಿ ಇರೋ ಮಾರ್ಕೆಟ್ ಇದು.

ಮೂರನೇದು ನೀವಿರೋ ಜಾಗ, ಸರ್ವೀಸ್ ಪ್ರೊವೈಡರ್ ರೂಟರ್. ಇದು ಬೆಳೆಯೋದು ನಿಧಾನ, ಆದ್ರೆ ಇದ್ದಕ್ಕಿದ್ದಂಗೆ ಮಾಯ ಆಗಲ್ಲ. ಟೆಲಿಕಾಂ ಕಂಪನಿ ಒಂದ್ಸಲ ರೂಟರ್ ಹಾಕಿದ್ರೆ ಎಂಟ್ಹತ್ತು ವರ್ಷ ಎಳೀತಾರೆ, ಅಷ್ಟೂ ದಿನ ಆ ಮೈಕ್ರೋಕೋಡ್‌ನ ಯಾರಾದ್ರೂ ನೋಡ್ಕೋಬೇಕು. ಬಿಎನ್‌ಜಿ (ಬ್ರಾಡ್‌ಬ್ಯಾಂಡ್ ಗ್ರಾಹಕರ ಸಂಪರ್ಕ ನೋಡ್ಕೊಳೋದು), ಕ್ಯಾರಿಯರ್ ನ್ಯಾಟ್ (ಒಂದು ಐಪಿ ವಿಳಾಸವನ್ನ ಬಹಳ ಜನಕ್ಕೆ ಹಂಚೋದು), ಲಕ್ಷಗಟ್ಟಲೆ ಗ್ರಾಹಕರಿಗೆ ಒಬ್ಬೊಬ್ಬರಿಗೆ ಬೇರೆ ಬೇರೆ ಕ್ಯೂ, ಇಂಥದ್ದೆಲ್ಲ ಟೊಮಾಹಾಕ್ ಮಾಡಲ್ಲ. ಈಗ ದೂರದ ಡೇಟಾಸೆಂಟರ್‌ಗಳನ್ನ ಒಂದೇ ಕ್ಲಸ್ಟರ್ ಥರ ಬೆಸೆಯೋ ಅವಶ್ಯಕತೆ ಹುಟ್ಟಿ ದೊಡ್ಡ ಬಫರ್ ಇರೋ ರೂಟಿಂಗ್ ಚಿಪ್‌ಗೆ ಮತ್ತೆ ಬೇಡಿಕೆ ಬಂದಿದೆ, 2025ರಲ್ಲೇ ಬ್ರಾಡ್‌ಕಾಮ್‌ನ ಜೆರಿಕೊ4, ಸಿಸ್ಕೋದ ಪಿ200 ಎರಡೂ ಇದೇ ಕಾರಣ ಹೇಳ್ಕೊಂಡು ಬಂದ್ವು. ನೂರು ಕಿಲೋಮೀಟರ್ ದೂರದ ಲಿಂಕಲ್ಲಿ ಮುಂದೆ ಜಾಮ್ ಆಗಿದೆ ಅನ್ನೋ ಸುದ್ದಿ ವಾಪಸ್ ಬರೋ ಅಷ್ಟರಲ್ಲಿ ಎಷ್ಟೋ ಡೇಟಾ ದಾರೀಲಿರತ್ತೆ, ಅದನ್ನ ಹಿಡಿದಿಡೋಕೆ ಎಚ್‌ಬಿಎಂ ಅನ್ನೋ ಅತಿ ವೇಗದ ಮೆಮೊರಿ ಬೇಕೇ ಬೇಕು. ಟ್ರಾಫಿಕ್ ಮ್ಯಾನೇಜರ್, ಬಫರಿಂಗ್ ಗೊತ್ತಿರೋರಿಗೆ ಇದು ಒಳ್ಳೆ ಸುದ್ದಿ.

ಮನೆ ಗೇಟ್‌ವೇ, 5ಜಿ ಬೇಸ್ ಸ್ಟೇಷನ್ ಚಿಪ್‌ಗಳೂ ಇದಾವೆ, ಕ್ವಾಲ್‌ಕಾಮ್, ಮೀಡಿಯಾಟೆಕ್, ಬ್ರಾಡ್‌ಕಾಮ್, ಮಾರ್ವೆಲ್ ಕೈಯಲ್ಲಿ. ಲಕ್ಷಾಂತರ ಚಿಪ್ ಹೋಗ್ತವೆ, ಲಾಭ ತೆಳು. ನಿಮ್ಮ ಅನುಭವಕ್ಕೆ ಅದು ಹಿಂದೆ ಹೋದಂಗೆ, ಬಿಟ್ಬಿಡಿ.

ಒಂದು ಎಚ್ಚರಿಕೆ ಮಾತ್ರ ಸೇರಿಸ್ತೀನಿ. ಟೆಕ್ನಾಲಜಿ ಚೆನ್ನಾಗಿದ್ರೆ ಮಾರ್ಕೆಟ್ ತಾನಾಗೇ ಬರತ್ತೆ ಅನ್ನೋದು ಎಂಜಿನಿಯರ್‌ಗಳಿಗೆ ಇರೋ ದೊಡ್ಡ ಭ್ರಮೆ. ಬೇರ್‌ಫುಟ್ ಅನ್ನೋ ಕಂಪನಿಯ ಟೊಫಿನೊ ನೋಡಿ. ಪಿ4 ಅನ್ನೋ ಪ್ಯಾಕೆಟ್ ಕೆಲಸದ ಭಾಷೆನಲ್ಲಿ ಪೂರ್ತಿ ಪ್ರೋಗ್ರಾಮ್ ಮಾಡೋಕಾಗೋ ಸ್ವಿಚ್ ಚಿಪ್, ಸ್ಪೀಡ್‌ನಲ್ಲೂ ಯಾರಿಗೂ ಕಮ್ಮಿ ಇರ್ಲಿಲ್ಲ, ಯೂನಿವರ್ಸಿಟಿಗಳಲ್ಲಿ ಅದಿಲ್ದೆ ಪೇಪರ್ ಬರಿಯೋರೇ ಇರ್ಲಿಲ್ಲ. ಇಂಟೆಲ್ 2019ರಲ್ಲಿ ಬೇರ್‌ಫುಟ್‌ನ ಕೊಂಡ್ಕೊಳ್ತು, 2023ರ ಜನವರಿಯಲ್ಲಿ ಮುಂದಿನ ಚಿಪ್‌ಗಳ ಡೆವಲಪ್‌ಮೆಂಟ್ ನಿಲ್ಸ್ತು. ತಮ್ಮದೇ ಪೈಪ್‌ಲೈನ್ ತಾವೇ ಬರೀಬೇಕು ಅನ್ನೋ ಗಿರಾಕಿ ಬಹಳ ಕಮ್ಮಿ, ಉಳಿದವರಿಗೆಲ್ಲ ಸೋವಿಯಾಗಿ ಬೇಗ ಓಡೋ ಮಾಮೂಲಿ ಸ್ವಿಚ್ ಸಾಕಿತ್ತು. ಆ ಟೀಮ್‌ನಲ್ಲಿದ್ದೋರು ದಡ್ಡರೇನಲ್ಲ.

ಈಗ ನಿಮ್ಮ ಆಯ್ಕೆಗಳಿಗೆ ಬರೋಣ.

ಸೋನಿಕ್ ಟೀಮ್. ಮ್ಯಾನೇಜರ್ ಹೇಳಿದಾಗ ನಿಮಗೆ ಬೇಜಾರಾಗಿರ್ಬೋದು, ಮೈಕ್ರೋಕೋಡ್ ಬರಿಯೋನಿಗೆ ಕಂಟೇನರ್, ಪೈಥಾನ್, ರೆಡಿಸ್ ಅಂದ್ರೆ ಡಿಮೋಷನ್ ಥರ ಅನ್ಸತ್ತೆ. ಆದ್ರೆ ಸೋನಿಕ್ ಕೆಳಗಡೆ ಸಾಯ್ ಅನ್ನೋ ಪದರ ಇದೆ ನೋಡಿ, ಬೇರೆ ಬೇರೆ ಕಂಪನಿ ಚಿಪ್‌ಗಳನ್ನ ಒಂದೇ ಇಂಟರ್‌ಫೇಸ್‌ನಲ್ಲಿ ತೋರ್ಸೋದು, ಅಲ್ಲಿ ಚಿಪ್ ಒಳಗೆ ಏನಾಗತ್ತೆ ಅಂತ ಗೊತ್ತಿರೋ ಜನ ಬಹಳ ಕಮ್ಮಿ. ಮೈಕ್ರೋಸಾಫ್ಟ್ ಶುರು ಮಾಡಿದ್ದು, 2022ರಿಂದ ಲಿನಕ್ಸ್ ಫೌಂಡೇಶನ್ ಅಡಿಯಲ್ಲಿದೆ, ನಿಮ್ಮ ಕಂಪನಿ ಬಿಟ್ರೂ ಆ ಅನುಭವ ಹೊರಗಡೆ ನಡಿಯತ್ತೆ. "ಹೋಗ್ತೀನಿ, ಆದ್ರೆ ಸಾಯ್ ಮತ್ತೆ ಚಿಪ್ ಎಸ್‌ಡಿಕೆ (ಚಿಪ್ ಜೊತೆ ಬರೋ ಸಾಫ್ಟ್‌ವೇರ್ ಕಿಟ್) ಕೆಲಸ ಕೊಡಿ" ಅಂತ ಕೇಳಿ. ಅದು ಬಿಟ್ಟು ಸಿಎಲ್‌ಐ (ಕಮಾಂಡ್ ಟೈಪ್ ಮಾಡೋ ಪರದೆ), ಟೆಸ್ಟ್ ಆಟೊಮೇಷನ್ ಕಡೆ ತಳ್ಳಿದ್ರೆ ಎರಡು ವರ್ಷದಲ್ಲಿ ನಿಮ್ಮ ಹಳೇ ಬಲ ಕರಗಿ ಹೋಗತ್ತೆ, ಅದು ಇದರ ರಿಸ್ಕ್. ಲೋನ್ ಇರೋನಿಗೆ ಸದ್ಯಕ್ಕೆ ಇದು ಕೆಟ್ಟ ಆಯ್ಕೆ ಅಲ್ಲ.

ಡಿಪಿಯು ಸ್ಟಾರ್ಟಪ್. ಬೇಡ ಅಂತ ಹೇಳಲ್ಲ, ಆದ್ರೆ ಸಹಿ ಹಾಕೋ ಮುಂಚೆ ಕೆಲವು ವಿಷಯ ನೇರವಾಗಿ ಕೇಳಿ, ನಾಚ್ಕೋಬೇಡಿ. ಟೇಪ್‌ಔಟ್ (ಡಿಸೈನ್ ಮುಗ್ಸಿ ಫ್ಯಾಕ್ಟರಿಗೆ ಕಳ್ಸೋದು) ಆಗಿದ್ಯಾ, ಸಿಲಿಕಾನ್ ವಾಪಸ್ ಬಂದು ಬ್ರಿಂಗ್‌ಅಪ್ (ಚಿಪ್‌ನ ಮೊದಲ ಸಲ ಓಡಿಸಿ ಸರಿಮಾಡೋದು) ಆಗಿದ್ಯಾ, ಇನ್ನೂ ಎಫ್‌ಪಿಜಿಎ (ಬೇಕಾದಂಗೆ ಬದಲಾಯಿಸೋ ಪ್ರಯೋಗದ ಚಿಪ್) ಮೇಲೇ ಡೆಮೊ ತೋರಿಸ್ತಿದಾರಾ? ಕಾಸು ಕೊಟ್ಟು ತಗೊಳೋ ಗಿರಾಕಿ ಇದಾರಾ, ಬರೀ ಇವ್ಯಾಲ್ಯುಯೇಷನ್ ಮಾಡ್ತಿರೋರಾ? ಕೈಯಲ್ಲಿರೋ ದುಡ್ಡು ಎಷ್ಟು ತಿಂಗಳಿಗೆ? ಚಿಪ್ ಎರಡನೇ ರಿವಿಷನ್ ಬೇಕಾದ್ರೆ ಅದಕ್ಕೂ ಸಾಕಾಗತ್ತಾ? 5 ನ್ಯಾನೊಮೀಟರ್ ಚಿಪ್ ಒಂದನ್ನ ಶುರುವಿಂದ ಕೊನೇವರೆಗೆ ಮಾಡೋಕೆ ನೂರಾರು ಮಿಲಿಯನ್ ಡಾಲರ್ ಬೇಕು, ತಪ್ಪು ತಿದ್ದಿ ಚಿಪ್ ಮತ್ತೆ ಮಾಡೋ ರೀಸ್ಪಿನ್ ಒಂದಾದ್ರೆ ಆರೇಳು ತಿಂಗಳು ಹೋಯ್ತು ಅಂತ್ಲೇ ಲೆಕ್ಕ. ಇಸಾಪ್‌ನ ಸಂಬಳದ ಲೆಕ್ಕಕ್ಕೆ ಸೇರಿಸ್ಬೇಡಿ, ಸೊನ್ನೆ ಅಂತ್ಲೇ ಹಿಡ್ದು ನೋಡಿ ಆಗ್ಲೂ ಆಫರ್ ಸರಿ ಅನ್ಸಿದ್ರೆ ಮಾತ್ರ ಮುಂದುವರೀರಿ. ಕಂಪನಿ ಬೇರೆಯವರ ಪಾಲಾದಾಗ ಮೊದ್ಲು ದುಡ್ಡು ವಾಪಸ್ ಸಿಗೋದು ಹೂಡಿಕೆದಾರರಿಗೆ, ಉಳಿದ್ರೆ ಎಂಜಿನಿಯರ್‌ಗಳಿಗೆ. ಇನ್ನೊಂದು ಕಡೆ ಹೇಳ್ಬೇಕಂದ್ರೆ, ಇಂಥ ಜಾಗದಲ್ಲಿ ಎರಡು ವರ್ಷ ಬ್ರಿಂಗ್‌ಅಪ್ ಮಾಡಿದ ಎಂಜಿನಿಯರ್‌ಗೆ ಆಮೇಲೆ ಕೆಲಸ ಸಿಗದೇ ಇರೋದನ್ನ ನಾನು ನೋಡಿಲ್ಲ. ಆರು ತಿಂಗಳ ಇಎಂಐ ಬ್ಯಾಂಕಲ್ಲಿ ಬೇರೆ ಇಟ್ಟಿದ್ರೆ ಧೈರ್ಯ ಮಾಡ್ಬೋದು.

ನೀವು ಕೇಳದೇ ಇರೋ ಒಂದು ಆಯ್ಕೆ ಇದೆ, ನನ್ನ ಮಟ್ಟಿಗೆ ಅದೇ ಮೊದ್ಲನೇದು. ದೊಡ್ಡ ಚಿಪ್ ಕಂಪನಿಗಳ ಬೆಂಗಳೂರು ಟೀಮ್‌ಗಳಲ್ಲಿ ಎಐ ಫ್ಯಾಬ್ರಿಕ್, ಅಂದ್ರೆ ಜಿಪಿಯುಗಳನ್ನ ಬೆಸೆಯೋ ನೆಟ್‌ವರ್ಕ್ ಕೆಲಸ. ಎನ್‌ವಿಡಿಯಾ, ಬ್ರಾಡ್‌ಕಾಮ್, ಮಾರ್ವೆಲ್, ಎಎಂಡಿ, ಸಿಸ್ಕೋ ಎಲ್ಲರದ್ದೂ ಇಲ್ಲಿ ಟೀಮ್ ಇದೆ. ನಿಕ್ ಫರ್ಮ್‌ವೇರ್, ಕಂಜೆಶನ್ ಕಂಟ್ರೋಲ್, ಪ್ಯಾಕೆಟ್‌ಗಳನ್ನ ಬೇರೆ ಬೇರೆ ದಾರೀಲಿ ಚೆಲ್ಲಿ ಆ ಕಡೆ ಮತ್ತೆ ಜೋಡಿಸೋದು, ಟೆಲಿಮೆಟ್ರಿ. ಎಐಗೆ ತಕ್ಕ ಈಥರ್ನೆಟ್ ರೂಪಿಸೋ ಕಂಪನಿಗಳ ಕೂಟ ಅಲ್ಟ್ರಾ ಈಥರ್ನೆಟ್ ಕನ್ಸಾರ್ಟಿಯಂ 2023ರಲ್ಲಿ ಶುರುವಾಗಿ 2025ರ ಜೂನ್‌ನಲ್ಲಿ 1.0 ಸ್ಪೆಕ್ ಬಿಡ್ತು, ಓಪನ್ ಆಗೇ ಸಿಗತ್ತೆ, ಕೂತು ಓದಿ. ಓದ್ತಾ ಹೋದಂಗೆ ಅರ್ಧ ವಿಷಯ ನಿಮಗೆ ಗೊತ್ತಿರೋದೇ ಅನ್ಸತ್ತೆ, ಆರ್ಡರಿಂಗ್, ರೀಅಸೆಂಬ್ಲಿ, ಕ್ರೆಡಿಟ್, ಕ್ಯೂ. ನಿಮಗೆ ಗೊತ್ತಿಲ್ಲದೇ ಇರೋದು ಆರ್‌ಡಿಎಂಎ (ಸಿಪಿಯು ನಡುವೆ ಬರದೆ ಇನ್ನೊಂದು ಸರ್ವರ್‌ನ ಮೆಮೊರಿಗೆ ನೇರ ಬರಿಯೋದು), ಅದನ್ನೇ ಈಥರ್ನೆಟ್ ಮೇಲೆ ಓಡ್ಸೋ ರೋಕಿ, ಅದನ್ನ ನಾಲ್ಕೈದು ತಿಂಗಳು ಸಂಜೆ ಹೊತ್ತು ಕೂತ್ರೆ ಕಲೀಬೋದು. ಒಂದು ಮಾತು, ನಿಮ್ಮ ಕಂಪನಿ ಚಿಪ್‌ನ ಇನ್‌ಸ್ಟ್ರಕ್ಷನ್ ಸೆಟ್ ಗೊತ್ತು ಅನ್ನೋದಕ್ಕೆ ಹೊರಗಡೆ ಬೆಲೆ ಇಲ್ಲ. ಇಂಟರ್‌ವ್ಯೂನಲ್ಲಿ ಅದನ್ನ ಹೇಳೋಕೆ ಹೋಗ್ಬೇಡಿ. ಒಂದು ಪ್ಯಾಕೆಟ್‌ಗೆ ಎಷ್ಟು ಸೈಕಲ್ ಬಜೆಟ್ ಇತ್ತು, ಯಾವ ಲುಕಪ್‌ನ ಟೀಕ್ಯಾಮ್‌ನಿಂದ (ದುಬಾರಿ ಹುಡುಕಾಟದ ಮೆಮೊರಿ) ಹ್ಯಾಶ್‌ಗೆ ತಂದ್ರಿ, ಅದರಿಂದ ಎಷ್ಟು ಉಳೀತು, ಮೆಮೊರಿ ಬ್ಯಾಂಕ್ ಕಾನ್‌ಫ್ಲಿಕ್ಟ್ ಹೆಂಗೆ ಹಿಡಿದ್ರಿ, ಇದನ್ನ ಹೇಳಿ. ಎದುರಿಗೆ ಕೂತೋನು ಹಳೇ ಐಎಕ್ಸ್‌ಪಿ ಗಿರಾಕಿ ಆಗಿದ್ರೆ ಅಲ್ಲೇ ಕಣ್ಣರಳಿಸ್ತಾನೆ.

ಇದರ ರಿಸ್ಕ್ ಏನಪ್ಪಾ ಅಂದ್ರೆ ಇಡೀ ಬೇಡಿಕೆ ಬೆರಳೆಣಿಕೆಯ ಕ್ಲೌಡ್ ಕಂಪನಿಗಳ ಖರ್ಚಿನ ಮೇಲೆ ನಿಂತಿದೆ. ಅವ್ರು ಒಂದು ವರ್ಷ ಕೈ ಬಿಗಿ ಹಿಡಿದ್ರೆ 2001ರ ಥರಾನೇ ಆಗ್ಬೋದು. ಆಗತ್ತೆ ಅಂತಲ್ಲ, ಆದ್ರೆ ಈಗಿನ ಸಂಬಳ ಇದೇ ವೇಗದಲ್ಲಿ ಏರ್ತಾನೇ ಇರತ್ತೆ ಅಂತ ಲೆಕ್ಕ ಹಾಕಿ ಇನ್ನೊಂದು ಫ್ಲಾಟ್ ಬುಕ್ ಮಾಡ್ಬೇಡಿ.

ಚಿಪ್ ವೆರಿಫಿಕೇಶನ್ ಕಡೆ ಹೋಗ್ಲಾ ಅಂತ ಕೆಲವರು ಕೇಳ್ತಾರೆ. 33ಕ್ಕೆ ಸಿಸ್ಟಮ್‌ವೆರಿಲಾಗ್ ಅನ್ನೋ ಚಿಪ್ ಡಿಸೈನ್ ಭಾಷೆ ಮೊದಲಿಂದ ಕಲ್ತು ಹೊಸಬರ ಜೊತೆ ಪೈಪೋಟಿ ಮಾಡೋ ಬದ್ಲು ಪರ್ಫಾರ್ಮೆನ್ಸ್ ಮಾಡೆಲಿಂಗ್ ನೋಡಿ, ಚಿಪ್ ಮಾಡೋ ಮುಂಚೆ ಸಿ++ನಲ್ಲಿ ಅದರ ಮಾದರಿ ಬರ್ದು ಎಲ್ಲಿ ಜಾಮ್ ಆಗತ್ತೆ ಅಂತ ಹೇಳೋ ಕೆಲಸ. ಸಾಫ್ಟ್‌ವೇರ್ ಕಡೆಯಿಂದ ಬಂದೋರಿಗೆ ಚಿಪ್ ಒಳಗೆ ಹೋಗೋಕೆ ಅದು ಒಳ್ಳೆ ಬಾಗಿಲು. ಜಾಗ ಕಮ್ಮಿ ಇರ್ತವೆ ಅನ್ನೋದೊಂದೇ ತೊಂದರೆ.

ನಮ್ಮ ದೇಶದ ಕಂಪನಿಗಳ ಬಗ್ಗೆ ನೀವು ಕೇಳಿಲ್ಲ, ಆದ್ರೂ ಹೇಳ್ಬೇಕು. ಬೆಂಗಳೂರಿನ ತೇಜಸ್ ನೆಟ್‌ವರ್ಕ್ಸ್ ಇದೆ, ಈಗ ಟಾಟಾ ಕೈಯಲ್ಲಿ, ಬಿಎಸ್‌ಎನ್‌ಎಲ್ 4ಜಿಗೆ ರೇಡಿಯೊ ಉಪಕರಣ ಕೊಟ್ಟಿದ್ದು ಅವ್ರೇ. 2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರದ ಟೆಲಿಕಾಂ ಸಂಶೋಧನಾ ಸಂಸ್ಥೆ ಸಿ-ಡಾಟ್ ಮತ್ತೆ ನಿವೆಟ್ಟಿ ಅನ್ನೋ ಕಂಪನಿ ಸೇರಿ ಮಾಡಿದ 2.4 ಟೆರಾಬಿಟ್ ರೂಟರ್ ಬೆಂಗಳೂರಲ್ಲೇ ಬಿಡುಗಡೆ ಆಯ್ತು. ಸಿಗ್ನಲ್‌ಚಿಪ್ ಅಂತ ಬೆಂಗಳೂರಿನ ಕಂಪನಿ 2019ರಲ್ಲಿ 4ಜಿ-5ಜಿ ಮೋಡೆಮ್ ಚಿಪ್ ಮಾಡಿ ಅದಕ್ಕೆ ಆಗುಂಬೆ ಅಂತ ಹೆಸರಿಟ್ಟಿತ್ತು, ನಿಮ್ಮೂರ ಕಡೆ ಹೆಸರು, ಕೇಳಿದ್ರೆ ಖುಷಿ ಆಗತ್ತೆ. ಆದ್ರೆ ದೊಡ್ಡ ರೂಟರ್ ಚಿಪ್ ಇಲ್ಲೇ ಹುಟ್ಟತ್ತೆ ಅಂತ ಕಾಯ್ತಾ ಕೂರ್ಬೇಡಿ. ಕೇಂದ್ರ 2021ರಲ್ಲಿ ಘೋಷಿಸಿದ ಡಿಎಲ್‌ಐ (ಚಿಪ್ ಡಿಸೈನ್‌ಗೆ ಪ್ರೋತ್ಸಾಹಧನ) ಸ್ಕೀಮ್‌ನಲ್ಲಿ ಡಿಸೈನ್ ಖರ್ಚಿನ ಅರ್ಧ, ಹೆಚ್ಚಂದ್ರೆ 15 ಕೋಟಿ ವಾಪಸ್ ಕೊಡೋದು ಅಂತಿತ್ತು. ಮೇಲೆ ಹೇಳಿದ ನೂರಾರು ಮಿಲಿಯನ್ ಡಾಲರ್ ಮುಂದೆ ಅದು ಯಾವ ಮೂಲೆಗೆ? 28 ನ್ಯಾನೊಮೀಟರ್‌ನಲ್ಲಿ ಫೈಬರ್ ಗೇಟ್‌ವೇ, ಮೊಬೈಲ್ ಟವರ್ ಕೆಳಗಿಡೋ ಚಿಕ್ಕ ರೂಟರ್ ಥರದ್ದಕ್ಕೆ ಚಿಪ್ ಮಾಡೋಕೆ ಅಷ್ಟು ನೆರವು ಪ್ರಯೋಜನಕ್ಕೆ ಬರತ್ತೆ, ಗುಜರಾತಿನ ಧೊಲೇರಾದಲ್ಲಿ ಟಾಟಾ ಕಟ್ತಿರೋ ಫ್ಯಾಬ್ (ಚಿಪ್ ಫ್ಯಾಕ್ಟರಿ) ಕೂಡ 28 ನ್ಯಾನೊಮೀಟರ್ ಮತ್ತೆ ಅದಕ್ಕಿಂತ ಹಳೇ ತಲೆಮಾರಿನ ಚಿಪ್‌ಗಳದ್ದೇ. ಅಲ್ಲಿ ಯಾರಾದ್ರೂ ಗಟ್ಟಿ ಗಿರಾಕಿ ಇಟ್ಕೊಂಡು ಶುರು ಮಾಡಿದ್ರೆ ನಾನೂ ಕುತೂಹಲದಿಂದ ನೋಡ್ತೀನಿ. ಸಂಬಳ ಮಾತ್ರ ಎಂಎನ್‌ಸಿ ಮಟ್ಟ ಇರಲ್ಲ.

ಭಾವನ ಶೇರ್ ವಿಷಯ. ನಾನು ಸೆಬಿ ನೋಂದಾಯಿತ ಸಲಹೆಗಾರ ಅಲ್ಲ, ತಗೊಳ್ಳಿ ಬಿಡಿ ಅಂತ ಹೇಳಲ್ಲ. ನೆಟ್‌ವರ್ಕ್ ಪ್ರೊಸೆಸರ್ ಮೇಲೆ ಮಾತ್ರ ನಿಂತಿರೋ ದೊಡ್ಡ ಶೇರ್ ಅಂತ ಈಗ ಯಾವುದೂ ಇಲ್ಲ, ಬ್ರಾಡ್‌ಕಾಮ್ ತಗೊಂಡ್ರೆ ಜೊತೆಗೆ ವಿಎಂವೇರ್ ಬರತ್ತೆ, ಎನ್‌ವಿಡಿಯಾ ತಗೊಂಡ್ರೆ ಜಿಪಿಯು ಬರತ್ತೆ. ಮಾರ್ಕೆಟ್ ರಿಪೋರ್ಟ್ ಬದ್ಲು ಆ ಕಂಪನಿಗಳ ಕ್ವಾರ್ಟರ್ ರಿಸಲ್ಟ್ ಓದೋಕೆ ಹೇಳಿ, ಅದರಲ್ಲೂ ಒಬ್ಬನೇ ಗಿರಾಕಿಯಿಂದ ಶೇಕಡಾ ಎಷ್ಟು ಆದಾಯ ಬಂತು ಅನ್ನೋ ಸಾಲು. ಒಂದು ವಿಷಯ, ನಿಮ್ಮ ಸಂಬಳ ಈಗಾಗ್ಲೇ ಈ ಉದ್ಯಮದಿಂದ ಬರ್ತಿದೆ, ಉಳಿತಾಯನೂ ಇಲ್ಲೇ ಹಾಕಿದ್ರೆ ಬಿದ್ದಾಗ ಎರಡೂ ಒಟ್ಟಿಗೆ ಬೀಳ್ತವೆ. ಭಾವ ಬೇರೆ ಉದ್ಯೋಗದಲ್ಲಿದ್ರೆ ಅವರ ಲೆಕ್ಕ ಬೇರೆ.

ತಮ್ಮನಿಗೆ, ಖಂಡಿತ ಸರಿಹೋಗತ್ತೆ, ಆದ್ರೆ ಈಗ್ಲೇ ಒಂದು ಚಿಪ್‌ಗೆ ಅಂಟ್ಕೊಳೋದು ಬೇಡ. ಸಿ ಮತ್ತೆ ಕಂಪ್ಯೂಟರ್ ಆರ್ಕಿಟೆಕ್ಚರ್ ಗಟ್ಟಿ ಮಾಡ್ಕೊಳ್ಳಲಿ, ಕ್ಯಾಶ್ ಮಿಸ್ ಅಂದ್ರೆ ಏನು ಅಂತ ಬಾಯಿಪಾಠ ಅಲ್ದೆ ಅಳೆದು ನೋಡಿ ಕಲೀಲಿ. ಲ್ಯಾಪ್‌ಟಾಪ್‌ನಲ್ಲಿ ಲಿನಕ್ಸ್ ಹಾಕ್ಕೊಂಡು ಎಕ್ಸ್‌ಡಿಪಿನಲ್ಲಿ (ಲಿನಕ್ಸ್‌ನಲ್ಲೇ ಇರೋ ವೇಗದ ಪ್ಯಾಕೆಟ್ ವ್ಯವಸ್ಥೆ) ಒಂದು ಚಿಕ್ಕ ಫೈರ್‌ವಾಲ್ ಬರೀಲಿ, ಆಮೇಲೆ ಅದೇ ಕೆಲಸ ಪಿ4ನಲ್ಲಿ ಸಿಮ್ಯುಲೇಟರ್ ಮೇಲೆ ಮಾಡ್ಲಿ, ಎರಡಕ್ಕೂ ಒಂದು ಪೈಸೆ ಖರ್ಚಿಲ್ಲ. 7ನೇ ಸೆಮ್ ಪ್ರಾಜೆಕ್ಟ್‌ಗೆ ರೆಡಿಮೇಡ್ ತಗೊಳೋ ಬದ್ಲು ಇದನ್ನೇ ಮುಂದುವರಿಸ್ಲಿ, ಸೆಕೆಂಡಿಗೆ ಎಷ್ಟು ಪ್ಯಾಕೆಟ್ ಹೋಗ್ತಿದೆ, ಯಾಕೆ ಅದಕ್ಕಿಂತ ಜಾಸ್ತಿ ಹೋಗ್ತಿಲ್ಲ ಅಂತ ಒಂದು ಗ್ರಾಫ್ ಹಾಕಿ ವಿವರಿಸೋಕೆ ಬಂದ್ರೆ ಕ್ಯಾಂಪಸ್ ಇಂಟರ್‌ವ್ಯೂನಲ್ಲಿ ಮುಂದಿನ ಅರ್ಧ ಗಂಟೆ ಅದರ ಮೇಲೇ ನಡಿಯತ್ತೆ.